ಅಂಕಕ್ಕಿಂತ ಹೆಚ್ಚು ಹೇಳುವ ತಪ್ಪುಗಳು

(ದಾವಣಗೆರೆಯಲ್ಲಿ ಪ್ರಾಥಮಿಕ ಶಾಲೆಗಳ ಶಿಕ್ಷಕರು ಮತ್ತು ಪೋಷಕರ ಮುಂದೆ ಮನಶ್ಶಾಸ್ತ್ರಜ್ಞೆಯೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)

ನನ್ನ ಕೈಯಲ್ಲಿರುವುದು ನಾಲ್ಕನೆಯ ತರಗತಿಯ ಹುಡುಗನೊಬ್ಬನ ಉಕ್ತಲೇಖನದ ಪುಟ. ಹಿಂದಿನ ಸಾಲಿನಲ್ಲಿ ಕುಳಿತವರಿಗೆ ಕಾಣುವುದಿಲ್ಲ, ಆದ್ದರಿಂದ ಓದಿ ಹೇಳುತ್ತೇನೆ. ಹುಡುಗನ ಹೆಸರು, ಶಾಲೆ ಹೇಳುವುದಿಲ್ಲ. ಇವತ್ತು ನಾನು ಹೇಳುವ ಎಲ್ಲರ ವಿವರಗಳನ್ನೂ ಗುರುತು ಸಿಗದ ಹಾಗೆ ಬದಲಿಸಿದ್ದೇನೆ. ಅವರು ಮಾಡಿದ ತಪ್ಪುಗಳನ್ನು ಮಾತ್ರ ಇದ್ದಂತೆಯೇ ಇಟ್ಟಿದ್ದೇನೆ, ಏಕೆಂದರೆ ನಾನು ಮಾತನಾಡಲು ಬಂದಿರುವುದೇ ಅವುಗಳ ಬಗ್ಗೆ.

ಹತ್ತು ಪದಗಳು. ಮರ, ಹಸು, ಇವೆರಡು ಸರಿ. ಅಕ್ಕ ಎಂದರೆ ‘ಅಕ’ ಎಂದು ಬರೆದಿದ್ದಾನೆ. ತಮ್ಮ ‘ತಮ’ ಆಗಿದ್ದಾನೆ. ಹಬ್ಬ ‘ಹಬ’, ಕಪ್ಪೆ ‘ಕಪೆ’, ಬೆಣ್ಣೆ ‘ಬೆಣೆ’, ರೊಟ್ಟಿ ‘ರೊಟಿ’, ಹಳ್ಳಿ ‘ಹಳಿ’, ಮಂಡಕ್ಕಿ ‘ಮಂಡಕಿ’. ಕೆಳಗೆ ಕೆಂಪು ಮಸಿಯಲ್ಲಿ ಹತ್ತಕ್ಕೆ ಎರಡು. ಅದರ ಪಕ್ಕದಲ್ಲಿ ‘ಗಮನವಿಲ್ಲ, ಪೋಷಕರು ಬಂದು ಕಾಣಬೇಕು’ ಎಂಬ ಷರಾ.

ಈಗ ಅಂಕವನ್ನು ಬೆರಳಿನಿಂದ ಮುಚ್ಚಿಟ್ಟು ಪುಟವನ್ನು ಮತ್ತೊಮ್ಮೆ ನೋಡೋಣ. ‘ಬೆಣೆ’ಯಲ್ಲಿ ಏತ್ವ ಎರಡೂ ಕಡೆ ಸರಿಯಾಗಿದೆ. ‘ರೊಟಿ’ಯಲ್ಲಿ ಓತ್ವ ಇದೆ, ಗುಡಿಸು ಇದೆ. ‘ಮಂಡಕಿ’ಯಲ್ಲಿ ಸೊನ್ನೆಯನ್ನು ಮರೆತಿಲ್ಲ. ಕಾಗುಣಿತದಲ್ಲಿ ಹುಡುಗ ಒಂದು ಕಡೆಯೂ ಎಡವಿಲ್ಲ. ಅವನು ಬಿಟ್ಟಿರುವುದು ಒಂದನ್ನೇ: ಒತ್ತಕ್ಷರ. ಎಂಟು ಪದಗಳಲ್ಲಿ ಎಂಟು ಒತ್ತುಗಳು, ಎಂಟೂ ಇಲ್ಲ. ಆ ಎಂಟು ಕೆಂಪು ಗೆರೆಗಳ ಹಿಂದೆ ಇರುವ ತಪ್ಪು ಒಂದೇ, ಎಂಟು ಸಲ ಆಗಿದೆ. ಗಮನವಿಲ್ಲದ ಮಗು ಇಷ್ಟು ಕ್ರಮಬದ್ಧವಾಗಿ ತಪ್ಪು ಮಾಡಲು ಸಾಧ್ಯವಿಲ್ಲ.

ವಿಚಾರಿಸಿದಾಗ ತಿಳಿದದ್ದು ಇಷ್ಟು. ಮಳೆ ಕಡಿಮೆ ಬೀಳುವ ತಾಲ್ಲೂಕಿನ ಕುಟುಂಬ. ಸುಗ್ಗಿ ಮುಗಿಯುತ್ತಿದ್ದಂತೆ ಅಪ್ಪ ಅಮ್ಮ ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಹಣ್ಣು ಬಿಡಿಸಲು ಹೋಗುತ್ತಾರೆ, ಹುಡುಗನೂ ಜೊತೆಗೆ ಹೋಗುತ್ತಾನೆ. ಎರಡನೆಯ ಮತ್ತು ಮೂರನೆಯ ತರಗತಿಯ ಕೊನೆಯ ತಿಂಗಳುಗಳಲ್ಲಿ ಅವನು ಶಾಲೆಯಲ್ಲೇ ಇರಲಿಲ್ಲ. ಒತ್ತಕ್ಷರ ಕಲಿಸಿದ್ದು ಆಗಲೇ. ಕಲಿಸದೇ ಇದ್ದದ್ದನ್ನು ಅವನು ಬರೆದಿಲ್ಲ, ಅಷ್ಟೆ. ಆದರೆ ಅಷ್ಟರಲ್ಲಿ ಯಾರೋ ಒಬ್ಬರು ತಾಯಿಗೆ ‘ನಿಮ್ಮ ಹುಡುಗನ ಬುದ್ಧಿ ಪರೀಕ್ಷೆ ಮಾಡಿಸಿ’ ಎಂದು ಹೇಳಿದ್ದರು. ಆ ತಾಯಿ ಒಂದು ದಿನದ ಕೂಲಿ ಬಿಟ್ಟು, ಎರಡು ಬಸ್ಸು ಬದಲಿಸಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನನ್ನೆದುರು ಕುಳಿತಿದ್ದರು. ‘ಮೇಡಂ, ಇವನ ತಲೆ ಸರಿ ಇದೆಯಾ?’ ಎಂದು ಕೇಳಿದರು. ಹುಡುಗ ಪಕ್ಕದಲ್ಲೇ ಇದ್ದ. ಅವನು ತಲೆ ಎತ್ತಲಿಲ್ಲ. ಆ ಪ್ರಶ್ನೆ ಮಗುವಿನ ಎದುರಿಗೆ ಬರಬಾರದು ಎಂಬುದು ನನ್ನ ಮೊದಲ ವಿನಂತಿ. ಕೇಳಬೇಕಾದ್ದನ್ನು ಕೇಳಿ, ಆದರೆ ಮಗುವನ್ನು ಹೊರಗೆ ಕೂರಿಸಿ ಕೇಳಿ.

ಈಗ ಇನ್ನೊಂದು ಪುಟ. ಇದೂ ನಾಲ್ಕನೆಯ ತರಗತಿ, ಇದಕ್ಕೂ ಹತ್ತಕ್ಕೆ ಎರಡು. ಈ ಹುಡುಗಿ ಮೂರು ವರ್ಷದಿಂದ ಒಂದು ದಿನವೂ ಶಾಲೆ ತಪ್ಪಿಸಿಲ್ಲ, ಮನೆಯಲ್ಲಿ ಪಾಠ ಹೇಳಿಕೊಡುವವರಿದ್ದಾರೆ, ಟ್ಯೂಷನ್ ಕೂಡ ಇದೆ. ‘ಮಂಡಕ್ಕಿ’ ಪದವನ್ನು ನಾನು ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲ ಬರೆಸಿದೆ. ಮೊದಲ ಸಲ ‘ಮಡಂಕಿ’, ಎರಡನೆಯ ಸಲ ‘ಮಂಕಡಿ’, ಮೂರನೆಯ ಸಲ ‘ಮಡಕಿ’. ಇಲ್ಲಿ ತಪ್ಪಿಗೆ ಒಂದು ನೆಲೆ ಇಲ್ಲ. ಅಕ್ಷರಗಳು ಅವಳಿಗೆ ಬೇರೆ ಬೇರೆಯಾಗಿ ಗೊತ್ತು, ಪದದೊಳಗೆ ಅವುಗಳ ಸರದಿ ನಿಲ್ಲುವುದಿಲ್ಲ. ಬಾಯಿಮಾತಿನಲ್ಲೇ ಕೇಳಿದೆ: ‘ಬಾಗಿಲು’ ಎಂಬುದರಿಂದ ‘ಗಿ’ ತೆಗೆದರೆ ಏನು ಉಳಿಯುತ್ತದೆ? ಅವಳ ಓರಗೆಯ ಮಕ್ಕಳು ಸ್ವಲ್ಪ ಯೋಚಿಸಿ ‘ಬಾಲು’ ಎನ್ನುತ್ತಾರೆ. ಅವಳು ಕಣ್ಣು ಮುಚ್ಚಿ ತುಟಿಯಲ್ಲೇ ಹೇಳಿಕೊಂಡಳು, ಬೆರಳು ಮಡಚಿದಳು, ‘ಗಿಲು’ ಎಂದಳು. ಅದೇ ಹುಡುಗಿಗೆ ಒಂದು ಕಥೆ ಓದಿ ಹೇಳಿದರೆ, ಕಥೆಯಲ್ಲಿ ಇಲ್ಲದ ಪ್ರಶ್ನೆಯನ್ನು ಅವಳೇ ಎತ್ತುತ್ತಾಳೆ. ಪದದ ಧ್ವನಿಗಳನ್ನು ಬಿಡಿಸಿ ಜೋಡಿಸುವ ಒಂದು ನಿರ್ದಿಷ್ಟ ಜಾಗದಲ್ಲಿ ತೊಡಕಿದೆ. ಅವಳಿಗೆ ಕಲಿಕಾ ನ್ಯೂನತೆಯ, ಅಂದರೆ ಬುದ್ಧಿ ಚೆನ್ನಾಗಿದ್ದೂ ಓದುಬರಹ ಮಾತ್ರ ಕೈಗೆ ಹತ್ತದ ತೊಂದರೆಯ, ಪೂರ್ಣ ಮೌಲ್ಯಮಾಪನ ಬೇಕಿತ್ತು, ಮಾಡಿದೆವು.

ಎರಡು ಪುಟ, ಒಂದೇ ಅಂಕ. ಒಬ್ಬನಿಗೆ ಬೇಕಿದ್ದದ್ದು ತಪ್ಪಿಹೋದ ಪಾಠ. ಇನ್ನೊಬ್ಬಳಿಗೆ ಬೇಕಿದ್ದದ್ದು ಬೇರೆಯೇ ಬಗೆಯ ಪಾಠ, ಪರೀಕ್ಷೆಯಲ್ಲಿ ಹೆಚ್ಚು ಸಮಯ, ಮತ್ತು ‘ನೀನು ದಡ್ಡಿಯಲ್ಲ’ ಎಂದು ಯಾರಾದರೂ ಒಬ್ಬರು ಗಟ್ಟಿಯಾಗಿ ಹೇಳುವುದು. ಅಂಕ ನೋಡಿ ಇವರಿಬ್ಬರನ್ನು ಬೇರೆ ಮಾಡಲು ಆಗುವುದಿಲ್ಲ. ತಪ್ಪು ನೋಡಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ನಾನು ಮೌಲ್ಯಮಾಪನ ಎಂದು ಕರೆಯುವುದು ಈ ಕೆಲಸವನ್ನು. ಪೆಟ್ಟಿಗೆ, ಕಾರ್ಡು, ಸ್ಟಾಪ್‌ವಾಚ್ ಎಲ್ಲ ಇದಕ್ಕೆ ನೆರವಾಗುವ ಸಾಮಾನುಗಳು.

ಶಿಕ್ಷಕರಿಗೆ ಇಲ್ಲೊಂದು ಮಾತು ಹೇಳಬೇಕು. ಕನ್ನಡದ ಅಕ್ಷರಗಳು ಇಂಗ್ಲಿಷಿನ ಹಾಗೆ ಇಪ್ಪತ್ತಾರಕ್ಕೆ ಮುಗಿಯುವುದಿಲ್ಲ. ಮೂಲಾಕ್ಷರ, ಕಾಗುಣಿತ, ಒತ್ತು, ಅರ್ಕಾವೊತ್ತು ಎಲ್ಲ ಸೇರಿದರೆ ಮಗು ಗುರುತಿಸಬೇಕಾದ ಆಕಾರಗಳು ನೂರಾರು. ಸೊನಾಲಿ ನಾಗ್ ಅವರು ಕನ್ನಡ ಮಕ್ಕಳ ಓದಿನ ಬಗ್ಗೆ ಮಾಡಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು: ಅಕ್ಷರಗಳ ಮೇಲೆ ಹಿಡಿತ ಸಿಗುವ ಕೆಲಸ ನಾಲ್ಕನೆಯ ತರಗತಿಯವರೆಗೂ ನಡೆಯುತ್ತಲೇ ಇರುತ್ತದೆ. ಆದ್ದರಿಂದ ಎರಡನೆಯ ತರಗತಿಯ ಮಗು ‘ಸೂರ್ಯ’ ಬರೆಯುವಾಗ ಅರ್ಕಾವೊತ್ತು ಎಲ್ಲಿಡಬೇಕೆಂದು ತಡಕಾಡಿದರೆ ಗಾಬರಿಯಾಗಬೇಡಿ. ಕಿವಿಗೆ ಮೊದಲು ಕೇಳುವ ‘ರ’ಕಾರವನ್ನು ಕೈ ಕೊನೆಯಲ್ಲಿ ಬರೆಯಬೇಕು. ಅದು ನಿಜಕ್ಕೂ ಕಷ್ಟದ ಕೆಲಸ.

ಮಹಾಪ್ರಾಣದ ವಿಷಯವೂ ಹೀಗೆಯೇ. ನಮ್ಮ ಜಿಲ್ಲೆಯ ಆಡುಮಾತಿನಲ್ಲಿ ಮಹಾಪ್ರಾಣ ಎಲ್ಲಿ ಕೇಳುತ್ತದೆ, ಹೇಳಿ. ‘ಭೂಮಿ’ಯನ್ನು ‘ಬೂಮಿ’ ಎಂದು ಬರೆದ ಮಗು ತನ್ನ ಕಿವಿಗೆ ಬಿದ್ದದ್ದನ್ನು ಪ್ರಾಮಾಣಿಕವಾಗಿ ಬರೆದಿದೆ. ಕಲಿಸಬೇಕು, ನಿಜ, ಆದರೆ ಅದನ್ನು ನ್ಯೂನತೆಯ ಲೆಕ್ಕಕ್ಕೆ ಸೇರಿಸಬಾರದು. ಇನ್ನೂ ಒಂದು ಸೂಕ್ಷ್ಮವಿದೆ. ಪುಸ್ತಕದಲ್ಲಿ ‘ಮನೆ ಇದೆ’ ಎಂದಿರುವುದನ್ನು ಮಗು ‘ಮನೆ ಐತೆ’ ಎಂದು ಓದುತ್ತದೆ. ನಾವು ತಕ್ಷಣ ತಿದ್ದುತ್ತೇವೆ. ಒಂದು ಕ್ಷಣ ತಾಳಿ. ಆ ಮಗು ಅಕ್ಷರ ನೋಡಿತು, ಅರ್ಥ ಹಿಡಿಯಿತು, ಆ ಅರ್ಥವನ್ನು ತನ್ನ ಮನೆಯ ಮಾತಿನಲ್ಲಿ ಹೇಳಿತು. ಅದಕ್ಕೆ ಓದಲು ಬರುತ್ತದೆ. ‘ಇ… ದೆ’ ಎಂದು ಒಂದೊಂದೇ ಅಕ್ಷರ ಸರಿಯಾಗಿ ಹೇಳಿ, ಏನು ಓದಿದೆ ಎಂದರೆ ಸುಮ್ಮನೆ ನಿಲ್ಲುವ ಮಗುವಿನ ಬಗ್ಗೆ ನನಗೆ ಹೆಚ್ಚು ಆತಂಕ.

ಬುದ್ಧಿ ಪರೀಕ್ಷೆ ಎಂಬುದು ಎಲ್ಲಿಂದ ಬಂತು ಎಂದು ಬಹಳ ಜನ ಕೇಳುತ್ತಾರೆ. 1904ರಲ್ಲಿ ಫ್ರಾನ್ಸಿನ ಶಿಕ್ಷಣ ಇಲಾಖೆ ಒಂದು ಸಮಿತಿ ಮಾಡಿತು. ಎಲ್ಲ ಮಕ್ಕಳೂ ಶಾಲೆಗೆ ಬರತೊಡಗಿದ್ದ ಕಾಲ ಅದು. ತರಗತಿಯ ಜೊತೆ ಹೆಜ್ಜೆ ಹಾಕಲಾಗದ ಮಕ್ಕಳನ್ನು ಗುರುತಿಸುವುದು ಹೇಗೆ ಎಂಬುದು ಪ್ರಶ್ನೆ. ಆಲ್ಫ್ರೆಡ್ ಬಿನೆ ಮತ್ತು ಥಿಯೋಡರ್ ಸಿಮಾನ್ 1905ರಲ್ಲಿ 30 ಪ್ರಶ್ನೆಗಳ ಒಂದು ಮಾಪಕ ಸಿದ್ಧಮಾಡಿದರು. ಉದ್ದೇಶ ಒಂದೇ, ನೆರವು ಬೇಕಾದ ಮಗುವಿಗೆ ನೆರವು ತಲುಪಬೇಕು. ಬುದ್ಧಿ ಹುಟ್ಟಿನಿಂದ ಬಂದಷ್ಟೇ, ಅದು ಬೆಳೆಯುವುದಿಲ್ಲ ಎನ್ನುವ ಕ್ರೂರ ನಿರಾಶಾವಾದವನ್ನು ಪ್ರತಿಭಟಿಸಬೇಕು ಎಂದು ಬಿನೆ 1909ರಲ್ಲೇ ಬರೆದರು. 1911ರಲ್ಲಿ ಅವರು ತೀರಿಕೊಂಡರು. ಮರುವರ್ಷ ಜರ್ಮನಿಯ ವಿಲಿಯಂ ಸ್ಟರ್ನ್ ಮಾನಸಿಕ ವಯಸ್ಸನ್ನು ನಿಜವಾದ ವಯಸ್ಸಿನಿಂದ ಭಾಗಿಸುವ ಲೆಕ್ಕ ತಂದರು, 1916ರಲ್ಲಿ ಅಮೆರಿಕದ ಲೂಯಿಸ್ ಟರ್ಮನ್ ಅದನ್ನು ನೂರರಿಂದ ಗುಣಿಸಿದರು. ಹತ್ತು ವರ್ಷದ ಮಗು ಎಂಟು ವರ್ಷದ ಮಕ್ಕಳು ಮಾಡುವಷ್ಟನ್ನು ಮಾಡಿದರೆ 80. ನೀವೆಲ್ಲ ಕೇಳಿರುವ ಐ.ಕ್ಯೂ. ಇದು. ಈಗ ಲೆಕ್ಕದ ರೀತಿ ಬದಲಾಗಿದೆ. ಅದೇ ವಯಸ್ಸಿನ ಮಕ್ಕಳ ಸರಾಸರಿಯನ್ನು 100 ಎಂದಿಟ್ಟು, ಮಗು ಅಲ್ಲಿಂದ ಎಷ್ಟು ದೂರದಲ್ಲಿದೆ ಎಂದು ನೋಡುತ್ತಾರೆ. ಮೂರರಲ್ಲಿ ಎರಡು ಪಾಲು ಜನ 85ರಿಂದ 115ರ ನಡುವೆ ಬರುತ್ತಾರೆ.

ಕನ್ನಡಿಗರಾಗಿ ನಾವು ತಿಳಿದಿರಬೇಕಾದ ಒಂದು ಸಂಗತಿ ಇಲ್ಲಿದೆ. ಆಗಿನ ಮುಂಬಯಿ ಪ್ರಾಂತದಲ್ಲಿ ವಿ. ವಿ. ಕಾಮತ್ ಎಂಬುವರು ಬಿನೆಯ ಮಾಪಕವನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದಿಸಿ 1934ರಲ್ಲಿ ಪ್ರಕಟಿಸಿದರು. ಸ್ವಾತಂತ್ರ್ಯಕ್ಕೆ ಇನ್ನೂ 13 ವರ್ಷ ಇದ್ದಾಗ! ನಮ್ಮ ಭಾಷೆಯ ಮಗುವನ್ನು ನಮ್ಮ ಭಾಷೆಯಲ್ಲೇ ಕೇಳಬೇಕು ಎಂದು ಅಷ್ಟು ಹಿಂದೆ ಒಬ್ಬರಿಗೆ ತೋಚಿತಲ್ಲ ಎಂದು ನನಗೆ ಈಗಲೂ ರೋಮಾಂಚನವಾಗುತ್ತದೆ. ಬಿನೆ-ಕಾಮತ್ ಪರೀಕ್ಷೆ ಇಂದಿಗೂ ನಮ್ಮ ಕೊಠಡಿಗಳಲ್ಲಿದೆ. ನಾಗಪುರದ ಎ. ಜೆ. ಮಾಲಿನ್ 1969ರಲ್ಲಿ ರೂಪಿಸಿದ, 6ರಿಂದ 15 ವರ್ಷದ ಮಕ್ಕಳ ಮಾಪಕವೂ ಇದೆ. 1955ರ ಭಾಟಿಯಾ ಪರೀಕ್ಷಾಮಾಲೆ ಮಾತಿಗಿಂತ ಕೈಕೆಲಸಕ್ಕೆ ಒತ್ತು ಕೊಡುತ್ತದೆ, ಓದುಬರಹ ಬಾರದವರಿಗೂ ಆಗಲಿ ಎಂದು ಕಟ್ಟಿದ್ದು. ಈ ಹಿರಿಯರ ಕೆಲಸದ ಮೇಲೆ ನಾವು ನಿಂತಿದ್ದೇವೆ. ಆದರೆ ಅವರ ಅಳತೆಗೋಲುಗಳಿಗೆ ವಯಸ್ಸಾಗಿದೆ. ಶಾಲೆ, ಪೌಷ್ಟಿಕ ಆಹಾರ, ಚಿತ್ರ, ಪರದೆ ಹೆಚ್ಚಿದಂತೆ ಒಂದು ಪೀಳಿಗೆಯಿಂದ ಇನ್ನೊಂದಕ್ಕೆ ಅಂಕ ಏರುತ್ತದೆ. ಅಮೆರಿಕದಲ್ಲಿ ಇದು ದಶಕಕ್ಕೆ ಸುಮಾರು 3 ಅಂಕ ಎಂದು ಜೇಮ್ಸ್ ಫ್ಲಿನ್ ಲೆಕ್ಕ ಹಾಕಿ ತೋರಿಸಿದರು. ಹಳೆಯ ಕಾಲದ ಮಕ್ಕಳ ಜೊತೆ ಹೋಲಿಸಿದರೆ ಇಂದಿನ ಮಗುವಿನ ಅಂಕ ಇರಬೇಕಾದದ್ದಕ್ಕಿಂತ ಮೇಲೆ ಕಾಣುತ್ತದೆ, ನೆರವು ಬೇಕಾದ ಮಗು ಗೆರೆಯ ಆಚೆಗೆ ಜಾರಿಬಿಡುತ್ತದೆ. ಆದ್ದರಿಂದ ವರದಿಯಲ್ಲಿ ಯಾವ ಪರೀಕ್ಷೆ, ಯಾವ ವರ್ಷದ ಆವೃತ್ತಿ ಎಂದು ಬರೆದಿದೆಯೇ ಎಂಬುದನ್ನು ನೋಡಿ.

ಕೊಠಡಿಯೊಳಗೆ ಏನು ನಡೆಯುತ್ತದೆ ಎಂಬ ಕುತೂಹಲ ನಿಮಗಿರುತ್ತದೆ. ಎಲ್ಲ ಪ್ರಶ್ನೆಗಳನ್ನೂ ಹೊರಗೆ ಹೇಳುವಂತಿಲ್ಲ, ಹೇಳಿದರೆ ಮಕ್ಕಳಿಗೆ ಬಾಯಿಪಾಠ ಮಾಡಿಸುವವರು ಹುಟ್ಟಿಕೊಳ್ಳುತ್ತಾರೆ. ಆದರೆ ಸೆಗ್ವಿನ್ ಫಾರ್ಮ್ ಬೋರ್ಡ್ ಎಲ್ಲರಿಗೂ ಗೊತ್ತಿರುವಂಥದ್ದು. ಮರದ ಹಲಗೆ, ಅದರಲ್ಲಿ ಕೊರೆದ ಹತ್ತು ಗುಳಿಗಳು, ಅವಕ್ಕೆ ಹೊಂದುವ ಹತ್ತು ಬಿಲ್ಲೆಗಳು: ವೃತ್ತ, ಚೌಕ, ತ್ರಿಕೋನ, ನಕ್ಷತ್ರ, ಹೀಗೆ. ಬೇಗ ಬೇಗ ಕೂಡಿಸು ಎನ್ನುತ್ತೇವೆ. ಮೂರು ಸಲ ಮಾಡಿಸಿ ಅತಿ ಕಡಿಮೆ ಸಮಯವನ್ನು ಬರೆದುಕೊಳ್ಳುತ್ತೇವೆ. ಫಲಿತಾಂಶ ಸೆಕೆಂಡುಗಳಲ್ಲಿ ಬರುತ್ತದೆ. ಆದರೆ ನಾನು ನೋಡುವುದು ಕೈಯನ್ನು. ಒಂದು ಮಗು ನಕ್ಷತ್ರವನ್ನು ಪ್ಲಸ್ ಗುರುತಿನ ಗುಳಿಗೆ ಒತ್ತುತ್ತದೆ, ಕೂರುವುದಿಲ್ಲ, ಇನ್ನೂ ಜೋರಾಗಿ ಒತ್ತುತ್ತದೆ. ಇನ್ನೊಂದು ಮಗು ಅದೇ ತಪ್ಪು ಮಾಡಿ, ಬಿಲ್ಲೆಯನ್ನು ಎತ್ತಿ ತಿರುಗಿಸಿ ಅಂಚನ್ನು ಸವರಿ ನೋಡುತ್ತದೆ. ಇಬ್ಬರಿಗೂ ಒಂದೇ ಸಮಯ ಹಿಡಿದಿರಬಹುದು. ಎರಡನೆಯ ಮಗು ತಪ್ಪಿನಿಂದ ಕಲಿಯುತ್ತಿದೆ ಎಂಬುದು ನನಗೆ ಆ ಸವರುವ ಬೆರಳಿನಿಂದ ತಿಳಿಯುತ್ತದೆ. ಮೂರನೆಯ ಮಗು ಪ್ರತಿ ಬಿಲ್ಲೆ ಇಡುವ ಮುಂಚೆ ನನ್ನ ಮುಖ ನೋಡುತ್ತದೆ. ಆ ಮಗು ಎಲ್ಲೋ ಬಹಳ ಬೈಸಿಕೊಂಡಿದೆ.

ಭಾಷೆಯ ಮಾತು ಬಂದಾಗ ನಮ್ಮ ಊರನ್ನು ನೆನೆಯಬೇಕು. ದಾವಣಗೆರೆಯ ಒಂದೇ ತರಗತಿಯಲ್ಲಿ ಮನೆಯಲ್ಲಿ ಕನ್ನಡ, ಉರ್ದು, ಲಂಬಾಣಿ, ತೆಲುಗು, ಮರಾಠಿ ಮಾತನಾಡುವ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಲಂಬಾಣಿ ತಾಂಡಾದಿಂದ ಬಂದ ಆರು ವರ್ಷದ ಮಗುವನ್ನು ಪುಸ್ತಕದ ಕನ್ನಡದಲ್ಲಿ ಕೇಳಿ, ಅದು ಸುಮ್ಮನಿದ್ದರೆ ಸೊನ್ನೆ ಹಾಕುವುದು ಅನ್ಯಾಯ. ಎರಡು ವಸ್ತುಗಳಲ್ಲಿ ಏನು ಸಾಮ್ಯ ಎಂದು ಕೇಳುವ ಒಂದು ಬಗೆಯ ಪ್ರಶ್ನೆ ಇದೆ. ನಾನೇ ಕಟ್ಟಿದ ಉದಾಹರಣೆ ಹೇಳುತ್ತೇನೆ: ಎತ್ತಿಗೂ ಟ್ರ್ಯಾಕ್ಟರಿಗೂ ಏನು ಸಾಮ್ಯ? ಹಳ್ಳಿಯ ಹುಡುಗನೊಬ್ಬ ಹೇಳಿದ್ದು: ‘ನಮ್ಮಪ್ಪ ಎತ್ತು ಮಾರಿ ಟ್ರ್ಯಾಕ್ಟರ್ ತಂದರು.’ ಪರೀಕ್ಷೆಯ ಕೈಪಿಡಿಯ ಪ್ರಕಾರ ಇಂಥ ಉತ್ತರಕ್ಕೆ ಅಂಕವಿಲ್ಲ. ಆದರೆ ಯಾಕೆ ಹಾಗೆ ಮಾಡಿದರು ಎಂದು ಕೇಳಿದರೆ, ‘ಹೊಲ ಉಳೋದಕ್ಕೆ ಯಾವುದಾದರೂ ಒಂದು ಇದ್ದರೆ ಸಾಕಲ್ಲ’ ಎಂದ. ಸಾಮ್ಯ ಅವನಿಗೆ ಗೊತ್ತಿತ್ತು. ಸಾಮ್ಯ ಎಂಬ ಪದ ಅವನ ಮನೆಗೆ ಬಂದಿರಲಿಲ್ಲ. ಅಂಕವನ್ನು ನಾನು ನಿಯಮದಂತೆಯೇ ಹಾಕಬೇಕು, ಹಾಕುತ್ತೇನೆ. ಅದರ ಪಕ್ಕದಲ್ಲಿ ಈ ಉತ್ತರವನ್ನು ಬರೆದಿಡುವುದೂ ನನ್ನ ಕರ್ತವ್ಯ.

ಗಣಿತದಲ್ಲಿ ಇದು ಇನ್ನೂ ಸ್ಪಷ್ಟ. ಸಂಜೆ ಮಂಡಕ್ಕಿ-ಮೆಣಸಿನಕಾಯಿ ಅಂಗಡಿಯಲ್ಲಿ ಚಿಕ್ಕಪ್ಪನಿಗೆ ನೆರವಾಗುವ ಐದನೆಯ ತರಗತಿಯ ಹುಡುಗನೊಬ್ಬ ಬಂದಿದ್ದ. ಲೆಕ್ಕದಲ್ಲಿ ಪೂರ್ತಿ ಹಿಂದೆ ಎಂಬ ದೂರು. ಕಾಗದದ ಮೇಲೆ 200ರಲ್ಲಿ 145 ಕಳೆ ಎಂದೆ. 145 ಎಂದು ಬರೆದ. ಹೇಗೆ ಬಂತು ಎಂದರೆ, ಬೆರಳಿಟ್ಟು ತೋರಿಸಿದ: ಸೊನ್ನೆ, ಐದು, ದೊಡ್ಡದರಲ್ಲಿ ಚಿಕ್ಕದು ಹೋದರೆ ಐದು. ಸೊನ್ನೆ, ನಾಲ್ಕು, ಅಲ್ಲಿ ನಾಲ್ಕು. ಎರಡರಲ್ಲಿ ಒಂದು ಹೋದರೆ ಒಂದು. ಯಾರೋ ಅವನಿಗೆ ‘ಯಾವಾಗಲೂ ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು’ ಎಂದು ಹೇಳಿಕೊಟ್ಟಿದ್ದರು, ಅವನು ಅದನ್ನು ಚಾಚೂ ತಪ್ಪದೆ ಪಾಲಿಸಿದ್ದ. ಕಾಗದ ಬದಿಗಿಟ್ಟು ಕೇಳಿದೆ: ಗಿರಾಕಿಯ ಬಿಲ್ಲು 145 ರೂಪಾಯಿ ಆಯಿತು, 200 ಕೊಟ್ಟರು, ಚಿಲ್ಲರೆ ಎಷ್ಟು? ಬಾಯಿ ಮುಚ್ಚುವುದರೊಳಗೆ ‘55’ ಎಂದ. ಐದು ಕೊಟ್ಟರೆ 150, ಅದರ ಮೇಲೆ 50.

ಬ್ರೆಜಿಲ್‌ನ ರೆಸಿಫೆ ನಗರದ ಬೀದಿ ವ್ಯಾಪಾರದ ಮಕ್ಕಳಲ್ಲಿ ಇದನ್ನೇ ಕಂಡವರಿದ್ದಾರೆ. 1985ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ಮಕ್ಕಳು ನೂರಕ್ಕೆ 98ರಷ್ಟು ಸರಿ ಹೇಳಿದರು, ಅದೇ ಲೆಕ್ಕಗಳನ್ನು ಬರಿಯ ಅಂಕಿಗಳಾಗಿ ಕೊಟ್ಟಾಗ ಸರಿಯಾದದ್ದು ಸುಮಾರು 37ರಷ್ಟು. ಇತ್ತೀಚೆಗೆ ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ಕೆಲಸ ಮಾಡುವ ಮಕ್ಕಳಲ್ಲೂ ಅರ್ಥಶಾಸ್ತ್ರಜ್ಞರು ಹೀಗೆಯೇ ಕಂಡರು. ಜೊತೆಗೆ ಉಲ್ಟಾ ಸಂಗತಿಯೂ ಸಿಕ್ಕಿತು: ಶಾಲೆಯ ಲೆಕ್ಕ ಚೆನ್ನಾಗಿ ಮಾಡುವ ಮಕ್ಕಳು ಸಂತೆಯ ಲೆಕ್ಕದಲ್ಲಿ ತಡವರಿಸಿದರು. ನಮ್ಮ ಮಂಡಕ್ಕಿ ಅಂಗಡಿಯ ಹುಡುಗನಿಗೆ ಬೇಕಿದ್ದದ್ದು, ಅವನ ಬಾಯಿಲೆಕ್ಕದಿಂದ ಕಾಗದದ ಲೆಕ್ಕಕ್ಕೆ ಒಂದು ಸೇತುವೆ. ಹತ್ತು, ನೂರರ ನೋಟುಗಳನ್ನು ಮೇಜಿನ ಮೇಲೆ ಹರಡಿ, ನೂರರ ನೋಟನ್ನು ಮುರಿಸಿ, ಮುರಿಸಿದ್ದನ್ನು ಕಾಗದದ ಮೇಲೆ ಬರೆಸಿದರು ಅವನ ಟೀಚರ್. ಅವರು ಆ ಮನಸ್ಸು ಮಾಡಿದ್ದಕ್ಕೆ ನಾನು ಋಣಿ.

ಪರೀಕ್ಷೆಗೆ ಬರುವ ಮುಂಚೆ ಮಾಡಿಸಬೇಕಾದದ್ದನ್ನು ಬೇಗ ಹೇಳಿಬಿಡುತ್ತೇನೆ. ಕಣ್ಣು ತೋರಿಸಿ. ಕಿವಿ ತೋರಿಸಿ; ಕಿವಿ ಸೋರುವ ಮಗುವಿಗೆ ‘ಪ’ ಮತ್ತು ‘ಬ’ ಒಂದೇ ಥರ ಕೇಳಬಹುದು. ರಕ್ತಹೀನತೆ ಇದೆಯೇ ನೋಡಿಸಿ. ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತದೆ, ಮನೆಯಲ್ಲಿ ಜಗಳವೇ, ಶಾಲೆಯಲ್ಲಿ ಹೊಡೆತವೇ, ಇದನ್ನೆಲ್ಲ ಮುಚ್ಚಿಡದೆ ಹೇಳಿ. ಜ್ವರ ಬಂದ ಮಗುವನ್ನು ‘ಅಪಾಯಿಂಟ್‌ಮೆಂಟ್ ಸಿಕ್ಕಿದೆ’ ಎಂದು ಕರೆತರಬೇಡಿ.

ಇನ್ನು ಅಂಕದ ಬಗ್ಗೆ. ಒಂದು ದಿನ 72 ಬಂದ ಮಗುವಿಗೆ ಇನ್ನೊಂದು ದಿನ 68 ಬರಬಹುದು, 77 ಬರಬಹುದು. ಒಳ್ಳೆಯ ವರದಿ ಒಂದೇ ಅಂಕ ಬರೆಯುವುದಿಲ್ಲ, ಇಷ್ಟರಿಂದ ಇಷ್ಟರ ನಡುವೆ ಎಂದು ಬರೆಯುತ್ತದೆ. ಬೌದ್ಧಿಕ ಅಸಾಮರ್ಥ್ಯ ಇದೆ ಎಂದು ತೀರ್ಮಾನಿಸಲು ಸುಮಾರು 70ಕ್ಕಿಂತ ಕೆಳಗಿನ ಅಂಕವೊಂದೇ ಸಾಲದು. ದಿನನಿತ್ಯದ ಬದುಕನ್ನೂ ನೋಡಬೇಕು: ತಾನೇ ಸ್ನಾನ ಮಾಡುತ್ತದೆಯೇ, ಅಂಗಡಿಗೆ ಹೋಗಿ ಸಾಮಾನು ತರುತ್ತದೆಯೇ, ಬೀದಿ ದಾಟುತ್ತದೆಯೇ, ಗೆಳೆಯರ ಆಟದ ನಿಯಮ ಹಿಡಿಯುತ್ತದೆಯೇ. ಇದಕ್ಕಾಗಿ 89 ಅಂಶಗಳ ವೈನ್‌ಲ್ಯಾಂಡ್ ಮಾಪಕವನ್ನು ಇದೇ ಮಾಲಿನ್ ಅವರು ಭಾರತಕ್ಕೆ ಹೊಂದಿಸಿಕೊಟ್ಟಿದ್ದಾರೆ. ಅಲ್ಲಿ ಪ್ರಶ್ನೆಗಳಿಗೆ ಉತ್ತರ ಕೊಡುವವರು ಮಗುವನ್ನು ಬೆಳೆಸಿದವರು. ಎಷ್ಟೋ ಸಲ ಅಪ್ಪನಿಗಿಂತ ಅಜ್ಜಿಯ ಉತ್ತರ ನಿಖರವಾಗಿರುತ್ತದೆ. ಹಾಗಾಗಿ ಅಜ್ಜಿಯನ್ನೂ ಕರೆದುಕೊಂಡು ಬನ್ನಿ.

ಕಲಿಕಾ ನ್ಯೂನತೆಗೆ ನಿಮ್ಹಾನ್ಸ್ ಸಂಸ್ಥೆ ರೂಪಿಸಿದ ಪರೀಕ್ಷಾಮಾಲೆ ಬಳಕೆಯಲ್ಲಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಕಲಿಕಾ ನ್ಯೂನತೆಯೂ ಒಂದು. 8 ವರ್ಷ ತುಂಬಿದ ಮೇಲೆ ಪ್ರಮಾಣಪತ್ರಕ್ಕೆ ಪರಿಗಣಿಸುತ್ತಾರೆ. ಕಾಯ್ದೆಯ ಹಲವು ಸೌಲಭ್ಯಗಳಿಗೆ ನ್ಯೂನತೆ ಕನಿಷ್ಠ ಶೇ. 40 ಇರಬೇಕು. ಪರೀಕ್ಷೆಯಲ್ಲಿ ಪ್ರತಿ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಹೆಚ್ಚುವರಿ ಸಮಯ ಕೊಡಬೇಕು ಎಂದು 2018ರ ಕೇಂದ್ರ ಮಾರ್ಗಸೂಚಿ ಹೇಳಿತು. ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ. ಇದು ಯಾರೋ ಕೊಡುವ ಭಿಕ್ಷೆಯಲ್ಲ. ಕೇಳಲು ಸಂಕೋಚ ಬೇಡ. ಹಿಂದೆ ಈ ಮೌಲ್ಯಮಾಪನಕ್ಕಾಗಿ ಬೆಂಗಳೂರಿಗೋ, ಮೈಸೂರಿನ ವಾಕ್ ಶ್ರವಣ ಸಂಸ್ಥೆಗೋ ರಾತ್ರಿ ಬಸ್ಸು ಹತ್ತಬೇಕಿತ್ತು. ಈಗ ನಮ್ಮಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ, ಅಂಗವಿಕಲರ ಪುನರ್ವಸತಿಗಾಗಿ ಕೇಂದ್ರ ಸರ್ಕಾರದ ಸಿ.ಆರ್.ಸಿ. ದಾವಣಗೆರೆಯಲ್ಲೇ ಇದೆ. ಖಾಸಗಿಯಾಗಿ ಮಾಡಿಸುವುದಾದರೆ, ಪರೀಕ್ಷೆ ಮಾಡುವವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇದೆಯೇ ಎಂದು ಕೇಳಿ. ಬೆರಳಚ್ಚು ತೆಗೆದುಕೊಂಡು ಮಗುವಿನ ಬುದ್ಧಿಯ ಬಗೆ, ಮುಂದಿನ ವೃತ್ತಿ ಹೇಳುತ್ತೇವೆ ಎಂದು ಶಾಲೆಗಳಿಗೆ ಬರುವವರಿದ್ದಾರೆ. ಬೆರಳಿನ ಗೆರೆಗೂ ಬುದ್ಧಿಗೂ ಹಾಗೆ ಸಂಬಂಧ ಕಲ್ಪಿಸಲು ವೈಜ್ಞಾನಿಕ ಆಧಾರ ಇಲ್ಲ. ಸಾವಿರಾರು ರೂಪಾಯಿ ಕೊಟ್ಟು ಆ ಬಣ್ಣದ ಪುಸ್ತಕ ತಂದ ತಂದೆತಾಯಿಯರನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಆ ಹಣದಲ್ಲಿ ಮಗುವಿಗೆ ಕನ್ನಡಕ ಬರುತ್ತಿತ್ತು, ವರ್ಷಪೂರ್ತಿ ಕಥೆಪುಸ್ತಕ ಬರುತ್ತಿತ್ತು.

ದೊಡ್ಡವರ ವಿಷಯಕ್ಕೆ ಬರುತ್ತೇನೆ. ಬಂದಿರುವವರಲ್ಲಿ ಅರ್ಧ ಜನರ ಮನೆಯಲ್ಲಿ ಮರೆವಿನ ಹಿರಿಯರಿದ್ದಾರೆ ಎಂದು ನನಗೆ ಗೊತ್ತು. ನೆನಪನ್ನು ಅಳೆಯಲು ಜಗತ್ತೆಲ್ಲ ಬಳಸುವ 30 ಅಂಕಗಳ ಒಂದು ಚಿಕ್ಕ ಪರೀಕ್ಷೆ 1975ರಲ್ಲಿ ಬಂತು. ದಿನಾಂಕ ಯಾವುದು, ಈ ಜಾಗ ಯಾವುದು, ಮೂರು ಪದ ನೆನಪಿಟ್ಟುಕೊಳ್ಳಿ, 100ರಿಂದ ಏಳೇಳು ಕಳೆಯುತ್ತಾ ಹೋಗಿ, ಒಂದು ವಾಕ್ಯ ಬರೆಯಿರಿ. ಶಾಲೆಯ ಮೆಟ್ಟಿಲು ಹತ್ತದ ಹಿರಿಯರಿಗೆ ಇದು ಮೊದಲೇ ಸೋಲಿಸುವ ಆಟ. ಹರಿಯಾಣದ ಬಲ್ಲಭಗಡದ ಹಳ್ಳಿಗರಿಗಾಗಿ ಇದನ್ನು ಓದುಬರಹದ ಹಂಗಿಲ್ಲದಂತೆ ಹಿಂದಿಯಲ್ಲಿ ಮರುರೂಪಿಸಿ 1995ರಲ್ಲಿ ಪ್ರಕಟಿಸಿದರು. ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐ.ಸಿ.ಎಂ.ಆರ್.) ಐದು ಭಾರತೀಯ ಭಾಷೆಗಳಲ್ಲಿ ಪರೀಕ್ಷೆಗಳ ಒಂದು ಗುಚ್ಛ ಸಿದ್ಧಪಡಿಸಿತು, ಅದರಲ್ಲಿ ಕನ್ನಡವೂ ಇದೆ.

ಅಡಿಕೆ ತೋಟದ ಯಜಮಾನರೊಬ್ಬರು, ಎಪ್ಪತ್ತು ದಾಟಿದವರು, ಮಗನ ಜೊತೆ ಬಂದಿದ್ದರು. ‘ಅಜ್ಜಾರೇ, ಇವತ್ತು ತಾರೀಖು ಎಷ್ಟು?’ ಎಂದೆ. ‘ಅದೆಲ್ಲ ನನಗೆ ಗೊತ್ತಿಲ್ಲ ತಾಯಿ’ ಎಂದರು. ಮಗ ನನ್ನ ಕಡೆ ನೋಡಿ ನಿಟ್ಟುಸಿರಿಟ್ಟ. ‘ಯಾವ ಮಳೆ ನಡೆದಿದೆ?’ ಎಂದೆ. ‘ಪುನರ್ವಸು. ಇನ್ನು ನಾಲ್ಕು ದಿನಕ್ಕೆ ಪುಷ್ಯ ಹುಟ್ಟುತ್ತದೆ. ಹೋದ ಮಳೆ ಕೈಕೊಟ್ಟಿತು’ ಎಂದರು. ಕಾಲದ ಅರಿವು ಅವರಲ್ಲಿ ಭದ್ರವಾಗಿತ್ತು, ಬೇರೆ ಪಂಚಾಂಗದಲ್ಲಿತ್ತು. 100ರಿಂದ ಏಳೇಳು ಕಳೆಯಿರಿ ಎಂದೆ. 93, 85, 78, 71, 64. ಒಂದು ಕಡೆ ಮಾತ್ರ ತಪ್ಪಿದರು, 93ರಿಂದ 85ಕ್ಕೆ ಇಳಿದಾಗ. ಅಲ್ಲಿಂದ ಮುಂದೆ ಪ್ರತಿ ಸಲವೂ ಸರಿಯಾಗಿ ಏಳೇ ಕಳೆದಿದ್ದಾರೆ. 86, 79, 72, 65 ಎಂದು ಬರೆದಿಟ್ಟ ಉತ್ತರಗಳ ಜೊತೆ ಕುರುಡಾಗಿ ಹೋಲಿಸಿದರೆ ನಾಲ್ಕು ತಪ್ಪು. ಕೇಳಿಸಿಕೊಂಡರೆ ಒಂದು. ಅವರ ಮರೆವಿಗೆ ಕಾರಣ ಹುಡುಕುತ್ತಾ ಹೋದಾಗ ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಬಿ12 ತೀರಾ ಕಡಿಮೆ ಇದ್ದದ್ದು ಸಿಕ್ಕಿತು, ವೈದ್ಯರು ಚಿಕಿತ್ಸೆ ಕೊಟ್ಟರು.

ಎಲ್ಲರದೂ ಹೀಗೆ ಸುಲಭವಾಗಿ ಮುಗಿಯುವುದಿಲ್ಲ. ಮೂರು ಪದಗಳನ್ನು ಮರೆತವರಿಗೆ ‘ಒಂದು ಹಣ್ಣಿನ ಹೆಸರಿತ್ತಲ್ಲ’ ಎಂದು ಸುಳಿವು ಕೊಡುತ್ತೇವೆ. ಕೆಲವರು ತಟ್ಟನೆ ಹೇಳಿಬಿಡುತ್ತಾರೆ. ನೆನಪು ಒಳಗಿದೆ, ತೆಗೆಯಲು ತಡವಾಗುತ್ತಿದೆ. ಕೆಲವರು ‘ಹಣ್ಣೇ? ನೀವು ಹಣ್ಣಿನ ಹೆಸರೇ ಹೇಳಲಿಲ್ಲ’ ಎನ್ನುತ್ತಾರೆ. ಇವರ ಬಗ್ಗೆ ನರರೋಗ ತಜ್ಞರಿಗೆ ಬೇಗ ಬರೆಯುತ್ತೇನೆ. ಮತ್ತೆ ಕೆಲವರು ಯಾವುದಕ್ಕೂ ಪ್ರಯತ್ನಿಸದೆ ‘ಗೊತ್ತಿಲ್ಲ, ಬಿಡಿ’ ಎನ್ನುತ್ತಾರೆ, ಮಾತು ನಿಧಾನ, ಊಟ ರುಚಿಸುವುದಿಲ್ಲ. ಹೆಂಡತಿ ತೀರಿಕೊಂಡು ಆರು ತಿಂಗಳಾಗಿದೆ ಎಂದು ಆಮೇಲೆ ತಿಳಿಯುತ್ತದೆ. ಅದು ಖಿನ್ನತೆ ಇರಬಹುದು, ಚಿಕಿತ್ಸೆಗೆ ಬಗ್ಗುವಂಥದ್ದು. ಮೂವರಿಗೂ 30ಕ್ಕೆ 21 ಬಂದಿರಬಹುದು.

ನಡುವಯಸ್ಸಿನವರನ್ನು ಮರೆಯುವಂತಿಲ್ಲ. ಮಗಳ ವರದಿ ವಿವರಿಸುತ್ತಿದ್ದಾಗ ಒಬ್ಬ ತಂದೆ ಮಧ್ಯದಲ್ಲೇ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಸ್ವಲ್ಪ ಹೊತ್ತಿನ ನಂತರ, ‘ನೀವು ಇಲ್ಲಿಯವರೆಗೆ ಹೇಳಿದ್ದೆಲ್ಲ ನನ್ನ ಕಥೆ. ನಾನು ಎಸ್ಸೆಸ್ಸೆಲ್ಸಿ ಮೂರು ಸಲ ಕಟ್ಟಿದೆ. ಇವತ್ತಿಗೂ ಬ್ಯಾಂಕಿನಲ್ಲಿ ಚಲನ್ ತುಂಬಲು ಹೆಂಡತಿಯನ್ನು ಕಳಿಸುತ್ತೇನೆ’ ಎಂದರು. ನಲವತ್ತೆರಡು ವರ್ಷ ಅವರು ತಮ್ಮನ್ನು ತಾವು ದಡ್ಡ ಎಂದು ಕರೆದುಕೊಂಡಿದ್ದರು. ಅವರಿಗೂ ಪರೀಕ್ಷೆ ಮಾಡಿದೆವು. ವರದಿಯನ್ನು ಮಡಚಿ ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಹೋದರು.

ವರದಿ ಎಂದೆನಲ್ಲ, ಅದರ ಕೊನೆಯ ಪುಟವನ್ನು ಮೊದಲು ಓದಿ. ‘ನಾಳೆಯಿಂದ ಏನು ಮಾಡಬೇಕು’ ಎಂಬುದು ಅಲ್ಲಿರಬೇಕು: ಶಾಲೆಯಲ್ಲಿ ಏನು, ಮನೆಯಲ್ಲಿ ಏನು, ಎಷ್ಟು ತಿಂಗಳ ನಂತರ ಮತ್ತೆ ನೋಡಬೇಕು. ಅದು ಇಲ್ಲದಿದ್ದರೆ ವರದಿಯನ್ನು ಹಿಂದಿರುಗಿಸಿ, ಬರೆದುಕೊಡಿ ಎಂದು ಕೇಳಿ. ನನ್ನನ್ನೂ ಕೇಳಿ.

ಮೊದಲ ಪುಟದ ಹುಡುಗನಿಗೆ ನಾನು ಬರೆದುಕೊಟ್ಟದ್ದು ಅರ್ಧ ಹಾಳೆ. ಬುದ್ಧಿ ಪರೀಕ್ಷೆ ಮಾಡಲೇ ಇಲ್ಲ. ದಿನಕ್ಕೆ ಹದಿನೈದು ನಿಮಿಷ ಒತ್ತಕ್ಷರ, ಮೊದಲು ಅಕ್ಕ, ಅಪ್ಪ, ಅಮ್ಮದಂಥ ಸಜಾತಿ ಒತ್ತು, ಅವು ಕೈಗೆ ಬಂದ ಮೇಲೆ ವಿಜಾತಿ. ಚಪ್ಪಾಳೆ ತಟ್ಟಿ ಹೇಳಿಸಬೇಕು: ‘ಹಬ’ಕ್ಕೂ ‘ಹಬ್ಬ’ಕ್ಕೂ ವ್ಯತ್ಯಾಸವನ್ನು ಕಿವಿ ಮೊದಲು ಹಿಡಿಯಲಿ, ಆಮೇಲೆ ಕೈ. ಕೆಂಪು ಮಸಿಯಲ್ಲಿ ಷರಾ ಬರೆದಿದ್ದ ಟೀಚರೇ ಇದನ್ನು ಮಾಡಿದರು, ಮಧ್ಯಾಹ್ನದ ಊಟದ ನಂತರ, ದಿನವೂ. ಐದು ವಾರ ಕಳೆದ ಮೇಲೆ ಅವರೇ ನೋಟ್‌ಪುಸ್ತಕ ಹಿಡಿದು ಬಂದರು. ಹತ್ತಕ್ಕೆ ಒಂಬತ್ತು. ತಪ್ಪಾದ ಒಂದು ಪದ, ಮೊದಲ ದಿನ ಅವನು ಸರಿಯಾಗಿ ಬರೆದಿದ್ದ ಪದ. ‘ಹಸು’ವನ್ನು ‘ಹಸ್ಸು’ ಎಂದು ಬರೆದಿದ್ದ. ಟೀಚರ್ ಅದರ ಕೆಳಗೆ ಕೆಂಪು ಗೆರೆ ಎಳೆದಿರಲಿಲ್ಲ. ಆ ಒತ್ತಿನ ಮೇಲೆ ಬೆರಳಿಟ್ಟು ನನಗೆ ತೋರಿಸಿದರು.